‘ನ್ಯೆಮ್ತ್ಸೊವಾ’ ಎಂಬ ಸ್ತ್ರೀನಾಮವೂ ನಮ್ಮ ಸೀಮೆಯ ಅಡ್ಡಹೆಸರುಗಳೂ

ಚೆಕ್ ಭಾಷೆಯ ಗದ್ಯಸಾಹಿತ್ಯದಲ್ಲಿ ಮೊದಲ ಪಂಕ್ತಿಗೆ ಸೇರಿದ ಲೇಖಿಕೆ ಬೊಝೆನಾ ನ್ಯೆಮ್ತ್ಸೊವಾ (ಕ್ರಿ.ಶ. ೧೮೨೦–೧೮೬೨). ಆಕೆಯ ‘ಬಾಬಿಚ್ಕಾ’, ಎಂದರೆ ‘ಅಜ್ಜಿ’, ಎಂಬ ಗ್ರಂಥವು ೧೮೫೫ರಲ್ಲಿ ಪ್ರಕಟವಾಯಿತು. ಈಕೆಯ ಚರಿತ್ರೆಯನ್ನು ಓದುವ ಸಾಹಿತ್ಯಾಧ್ಯಾಪಕರಿಗೆ ಒಂದು ಸಂಗತಿಯು ಕಣ್ಣಿಗೆ ಬೀಳದೆ ಇರದು. ಗಂಡನು ಯೋಸೆಫ್ ನ್ಯೆಮೆತ್ಸ್, ಹೆಂಡತಿಯು ನ್ಯೆಮ್ತ್ಸೊವಾ. ೧೮೩೭ರಲ್ಲಿ ಲಗ್ನವಾಗುವದಕ್ಕಿಂತ ಮೊದಲು ಆಕೆ ಪಾಂಕ್ಲೊವಾ. ತವರುಮನೆಯ ಹೆಸರು ಪಾಂಕ್ಲ್. ಹೀಗೆ ತವರಿನ ಹೆಸರಿಗೂ ಗಂಡನ ಹೆಸರಿಗೂ ‘ಒವಾ’ ಎಂಬ ಒಂದೇ ಬಾಲವು ಅಂಟಿಕೊಂಡಿದೆ. ಈ ಬಾಲದ ಅರ್ಥವೇನು? ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆಯಲ್ಲಿ ಬಡಿಗೇರ ಮನೆತನದ ಗಂಡಸೂ ಹೆಂಗಸೂ ಸರಿಸಮನಾಗಿ ‘ಬಡಿಗೇರ’ ಎಂದೇ ಕರೆಯಿಸಿಕೊಳ್ಳುವರಲ್ಲ, ಅದು ಏಕೆ? ಕನ್ನಡದಲ್ಲಿ ಸ್ತ್ರೀಪ್ರತ್ಯಯಗಳಿಗೇನೂ ಬರವಿಲ್ಲ. ಆದರೂ ನಮ್ಮ ಅಡ್ಡಹೆಸರುಗಳು ಅವನ್ನು ಮುಟ್ಟದೆ ಉಳಿದಿರುವದಕ್ಕೆ ವ್ಯಾಕರಣದಲ್ಲಿಯೇ ಕಾರಣವಿದೆಯೆಂಬದು ಈ ಲೇಖದ ಪ್ರತಿಪಾದ್ಯ.

ಮೊದಲು ಚೆಕ್ ಶಬ್ದವನ್ನು ಬಿಡಿಸಿ ನೋಡುವ. ‘ನ್ಯೆಮೆತ್ಸ್’ ಎಂದರೆ ಜರ್ಮನನು. ಈ ಶಬ್ದದ ಮೂಲವು ‘ನ್ಯೆಮೀ’, ಎಂದರೆ ಮೂಕ. ತಮಗೆ ತಿಳಿಯದ ಮಾತನ್ನಾಡುವ ನೆರೆಯವರನ್ನು ಸ್ಲಾವ್ ಜನರು ಮಾತಿಲ್ಲದವರೆಂದೇ ಕರೆದರು. ನಮ್ಮ ಪೂರ್ವಿಕರು ಇದರಲ್ಲಿ ಅವರಿಗಿಂತ ಹೆಚ್ಚು ಉದಾರಿಗಳಾಗಿರಲಿಲ್ಲ. ‘ಮ್ಲೇಚ್ಛ’ ಶಬ್ದದ ಧಾತುವಿಗೂ ಅಸ್ಪಷ್ಟವಾಗಿ ನುಡಿಯುವದೆಂದೇ ಅರ್ಥ. ಪ್ರತ್ಯಯವು ಹತ್ತುವಾಗ ‘ನ್ಯೆಮೆತ್ಸ್’ನ ಎರಡನೆಯ ಎಕಾರವು ಲೋಪವಾಗಿ ‘ನ್ಯೆಮ್ತ್ಸ್’ ಎಂದು ಉಳಿಯುತ್ತದೆ. ಅದಕ್ಕೆ ‘ಒವ್’ ಸೇರಿದರೆ ‘ನ್ಯೆಮೆತ್ಸನಿಗೆ ಸಂಬಂಧಿಸಿದ’ ಎಂಬ ವಿಶೇಷಣ. ಅದರ ಮೇಲೆ ‘ಆ’ ಬಂದರೆ ಆ ವಿಶೇಷಣದ ಸ್ತ್ರೀಲಿಂಗರೂಪ. ಆದ್ದರಿಂದ ನ್ಯೆಮ್ತ್ಸೊವಾ ಎಂದರೆ ‘ನ್ಯೆಮೆತ್ಸನವಳು’. ಹೆಸರಿನಂತೆ ಕಂಡರೂ ಹುಟ್ಟಿನಲ್ಲಿ ಇದು ಸಂಬಂಧವನ್ನು ಹೇಳುವ ವಿಶೇಷಣವೇ ಸರಿ. ಟೆನಿಸ್ ಆಟದಿಂದ ನಮ್ಮ ಮನೆಮನೆಗೂ ಪರಿಚಿತವಾದ ನವ್ರಾತಿಲೊವಾ ಎಂಬ ಹೆಸರೂ ಹೀಗೆಯೇ: ‘ನವ್ರಾತಿಲ್’, ಎಂದರೆ ‘ಮರಳಿ ಬಂದವನು’, ಅವನವಳು ನವ್ರಾತಿಲೊವಾ.

ಸಂಸ್ಕೃತವನ್ನು ಓದಿದವರಿಗೆ ಈ ‘ಒವ್’ ಹೊರಗಿನದಾಗಿ ತೋರಬೇಕಾಗಿಲ್ಲ. ಸ್ಲಾವ್ ಭಾಷೆಗಳಲ್ಲಿ ಇದು ಮೊದಲು ಉಕಾರಾಂತ ಶಬ್ದಗಳಲ್ಲಿ ಹುಟ್ಟಿ, ಅಲ್ಲಿಂದ ಉಳಿದ ಶಬ್ದಗಳಿಗೂ ಹಬ್ಬಿತು. ಮಗನೆಂಬ ಅರ್ಥದ ‘ಸಿನ್’ ಶಬ್ದವು ನಮ್ಮ ‘ಸೂನು’. ಅದರ ಪ್ರಾಚೀನ ಬಹುವಚನವು ‘ಸಿನೊವೆ’, ನಮ್ಮದು ‘ಸೂನವಃ’. ಉಕಾರಕ್ಕೆ ಗುಣವಾಗಿ ಅದು ‘ಅವ್’ ಎಂದಾಗುವ ಕ್ರಮವು ಎರಡೂ ಕಡೆಯಲ್ಲಿ ಒಂದೇ. ವಚಕ್ನುವಿನ ಮಗಳಾದ ಗಾರ್ಗಿಯು ಉಪನಿಷತ್ತಿನಲ್ಲಿ ವಾಚಕ್ನವೀ ಎನಿಸಿಕೊಂಡಿದ್ದಾಳೆ. ವಾಚಕ್ನವೀ ಎಂಬುದರ ‘ಅವೀ’ಯನ್ನೂ ನ್ಯೆಮ್ತ್ಸೊವಾ ಎಂಬುದರ ‘ಒವಾ’ವನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಹೆಚ್ಚಿನ ವಿವರಣೆ ಬೇಕಾಗದು. ಸ್ತ್ರೀಪ್ರತ್ಯಯವು ಒಂದರಲ್ಲಿ ಈಕಾರ, ಇನ್ನೊಂದರಲ್ಲಿ ಆಕಾರ; ಅಷ್ಟೇ ಭೇದ.

ಆದರೆ ಈ ಸಂಬಂಧವು ಮಗಳದೋ ಹೆಂಡತಿಯದೋ? ಪಾಣಿನಿಯು ನಾಲ್ಕನೆಯ ಅಧ್ಯಾಯದ ಮೊದಲ ಪಾದದ ೪೮ನೆಯ ಸೂತ್ರದಲ್ಲಿ ‘ಪುಂಯೋಗ’ವೆಂಬ ಒಂದು ನಿಮಿತ್ತವನ್ನು ಹೇಳಿದ್ದಾನೆ. ಪುರುಷನ ಸಂಬಂಧದಿಂದ ಸ್ತ್ರೀಗೆ ಹೆಸರು ಬರುವಲ್ಲಿ ಆ ಹೆಸರಿಗೆ ಈಕಾರವು ಹತ್ತುವದು. ಗೋಪನ ಹೆಂಡತಿ ಗೋಪೀ. ಮುಂದಿನ ಸೂತ್ರದಿಂದ ಇಂದ್ರಾಣೀ, ಮಾತುಲಾನೀ, ಆಚಾರ್ಯಾನೀ ಮೊದಲಾದ ರೂಪಗಳು ಸಿದ್ಧಿಸುತ್ತವೆ. ಇಲ್ಲಿ ವೈಯಾಕರಣರು ತೋರಿಸಿದ ಒಂದು ಸೂಕ್ಷ್ಮವನ್ನು ವಾಚಕರು ಮರೆಯಬಾರದು. ಆಚಾರ್ಯನ ಹೆಂಡತಿಯು ಆಚಾರ್ಯಾನೀ. ತಾನೇ ಪಾಠ ಹೇಳುವವಳು ಆಚಾರ್ಯಾ. ಮೊದಲನೆಯವಳ ಹೆಸರಿನಲ್ಲಿ ಗಂಡನಿದ್ದಾನೆ, ಎರಡನೆಯವಳ ಹೆಸರಿನಲ್ಲಿ ಆಕೆಯ ವಿದ್ಯೆಯಿದೆ. ಮರಾಠಿಯ ಆಡುಮಾತು ಈ ‘ಆನೀ’ಯ ಜಾತಿಯ ಬಾಲವನ್ನು ಇಂದಿಗೂ ಬಿಟ್ಟಿಲ್ಲ, ಪಾಟೀಲನ ಹೆಂಡತಿ ‘ಪಾಟಲೀಣ’. ಪೋಲಿಷ್ ಭಾಷೆಯ ಹಳೆಯ ರೂಢಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಂಡತಿಗೆ ‘ಒವಾ’ ಎಂದೂ ಲಗ್ನವಾಗದ ಮಗಳಿಗೆ ‘ಉವ್ನಾ’ ಎಂದೂ ಬೇರೆಬೇರೆ ಪ್ರತ್ಯಯಗಳನ್ನು ಇಟ್ಟಿತ್ತು. ಚೆಕ್ ಭಾಷೆಯಲ್ಲಿ ಆ ವಿಭಾಗವಿಲ್ಲ. ನೊವಾಕನ ಮಗಳೂ ನೊವಾಕೊವಾ, ನೊವಾಕನ ಹೆಂಡತಿಯೂ ನೊವಾಕೊವಾ.

ಶಾಸ್ತ್ರಗ್ರಂಥಗಳಿಂದ ಹೊರಟು ನಮ್ಮ ಬಂಡೆಗಳ ಕಡೆಗೆ ಬಂದರೆ, ಇಂತಹ ಸ್ತ್ರೀನಾಮವೊಂದು ಬಾದಾಮಿಯಲ್ಲಿಯೇ ಸಾವಿರದ ನಾನೂರು ವರ್ಷಗಳಿಂದ ಕಲ್ಲಿನಲ್ಲಿ ನಿಂತಿದೆ. ಮೂರನೆಯ ಗುಹೆಯಲ್ಲಿರುವ ಮಂಗಳೇಶನ ಶಾಸನವು ಶಕ ೫೦೦ರದು (ಕ್ರಿ.ಶ. ೫೭೮). ಅಲ್ಲಿ ಚಲುಕ್ಯರು ತಮ್ಮನ್ನು ಮಾನವ್ಯಸಗೋತ್ರರೆಂದೂ ಹಾರಿತೀಪುತ್ರರೆಂದೂ ಹೇಳಿಕೊಂಡಿದ್ದಾರೆ. ‘ಮಾನವ್ಯ’ದಲ್ಲಿ ಮನುವಿನ ಉಕಾರವು ‘ಅವ್’ ಆಗಿರುವದು. ಎಂದರೆ ಚೆಕ್ ‘ಒವ್’ನ ಸಗೋತ್ರವು ಚಲುಕ್ಯರ ಗೋತ್ರನಾಮದಲ್ಲಿಯೇ ಇದೆ. ‘ಹಾರಿತೀ’ ಎಂದರೆ ಹರಿತನ ಗೋತ್ರದಲ್ಲಿ ಹುಟ್ಟಿದವಳು. ಪುರುಷನಾದರೆ ಹಾರಿತ, ಸ್ತ್ರೀಯಾದರೆ ಹಾರಿತೀ. ಸಾತವಾಹನರಲ್ಲಿ ಗೌತಮೀಪುತ್ರ, ವಾಸಿಷ್ಠೀಪುತ್ರ ಎಂಬ ಬಿರುದುಗಳಿರುವದೂ ಇದೇ ಪದ್ಧತಿಯಿಂದ. ಇವನ್ನು ಬರಿಯ ಅಲಂಕಾರವೆಂದು ತಳ್ಳಿಬಿಡುವವರ ಮತವು ನನಗೆ ಸಮ್ಮತವಲ್ಲ. ತಾಯಿಯು ಗಂಡನ ಮನೆಗೆ ಬಂದ ಮೇಲೆಯೂ ಆಕೆಯನ್ನು ಗುರುತಿಸುತ್ತಿದ್ದುದು ತವರಿನ ಗೋತ್ರದಿಂದಲೇ ಎಂಬುದಕ್ಕೆ ಇವು ಸಾಕ್ಷಿಯಾಗಿವೆ. ಗೌತಮೀ ಎಂಬವಳು ಗೌತಮಗೋತ್ರದವನ ಹೆಂಡತಿಯಲ್ಲ, ಮಗಳು. ಆದುದರಿಂದ ಹಾರಿತೀ ಎಂಬುದು ರೂಪದಲ್ಲಿ ನ್ಯೆಮ್ತ್ಸೊವಾ ಶಬ್ದದ ಸಂಗಾತಿಯಾದರೂ ಅರ್ಥದಲ್ಲಿ ಪಾಂಕ್ಲೊವಾ ಶಬ್ದಕ್ಕೆ ಹತ್ತಿರವಾದದ್ದು.

ಅದೇ ವಂಶದ ಬೇರೆ ಶಾಸನಗಳೂ ಇದನ್ನೇ ಹೇಳುತ್ತವೆ. ಮಹಾಕೂಟದಲ್ಲಿದ್ದು ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿರುವ ಸ್ತಂಭದ ಶಾಸನದಲ್ಲಿ (ಕ್ರಿ.ಶ. ೬೦೨) ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿಯನ್ನು ಬಟ್ಪೂರ ವಂಶದವಳೆಂದು ವರ್ಣಿಸಿದೆ. ಪಟ್ಟದಕಲ್ಲಿನಲ್ಲಿ ಲೋಕೇಶ್ವರವನ್ನು, ಎಂದರೆ ಇಂದಿನ ವಿರೂಪಾಕ್ಷ ದೇವಾಲಯವನ್ನು, ಮಾಡಿಸಿದ ಲೋಕಮಹಾದೇವಿಯೂ, ತ್ರೈಲೋಕ್ಯೇಶ್ವರವನ್ನು ಮಾಡಿಸಿದ ಆಕೆಯ ತಂಗಿ ತ್ರೈಲೋಕ್ಯಮಹಾದೇವಿಯೂ ಎರಡನೆಯ ವಿಕ್ರಮಾದಿತ್ಯನ ಪಟ್ಟದ ರಾಣಿಯರಾಗಿದ್ದರೂ ಶಾಸನದಲ್ಲಿ ಹೈಹಯವಂಶಜೆಯರೇ. ಇವರೆಲ್ಲರಿಗಿಂತ ನನ್ನ ಲಕ್ಷ್ಯವನ್ನು ಹೆಚ್ಚಾಗಿ ಸೆಳೆಯುವವಳು ವಿಜಯಾದಿತ್ಯನ (ಕ್ರಿ.ಶ. ೬೯೬–೭೩೩) ಪ್ರಾಣವಲ್ಲಭೆಯಾಗಿದ್ದ ವಿನಾಪೋಟಿ. ಮಹಾಕೂಟೇಶ್ವರನಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಛತ್ರವನ್ನೂ ಕೊಟ್ಟ ಈಕೆಯ ಕನ್ನಡ ಶಾಸನದಲ್ಲಿ ವಂಶಾವಳಿಯು ಹೆಂಗಸರದೇ: ರೇವಮಂಚಳೆಯ ಮಗಳು ಕುಚಿಪೋಟಿ, ಆಕೆಯ ಮಗಳು ವಿನಾಪೋಟಿ. ತಂದೆಯ ಹೆಸರಿಲ್ಲ, ಗಂಡನೆಂಬವನಿಲ್ಲ. ‘ಪೋಟಿ’ ಎಂಬ ಉತ್ತರಪದವು ತಾಯಿಯಿಂದ ಮಗಳಿಗೆ ಇಳಿದು ಬಂದಿರುವದನ್ನು ನೋಡಿದರೆ, ಪುರುಷಮೂಲವಿಲ್ಲದ ಸ್ತ್ರೀನಾಮಪರಂಪರೆಯೊಂದು ಇಲ್ಲಿ ಎರಡು ತಲೆಮಾರು ನಡೆದುದು ಸ್ಪಷ್ಟವಾಗುತ್ತದೆ.

ಇನ್ನು ಜೀವಂತ ಹೆಸರುಗಳ ವಿಚಾರ. ನಮ್ಮ ಸೀಮೆಯ ಅಡ್ಡಹೆಸರುಗಳಲ್ಲಿ ವೃತ್ತಿ, ಅಧಿಕಾರ, ಸರಕು, ಸ್ಥಳ, ಪೂರ್ವಜ ಎಂಬ ಮೂಲಗಳೆಲ್ಲ ಕಾಣುತ್ತವೆ. ಆ ವಿಂಗಡಣೆಯನ್ನು ಅನೇಕರು ಮಾಡಿದ್ದಾರೆ. ಇಲ್ಲಿ ಅದು ಬೇಡ. ಈ ಹೆಸರುಗಳು ಯಾವ ವಿಭಕ್ತಿಯಲ್ಲಿ ನಿಂತಿವೆ ಎಂಬುದೇ ಪ್ರಕೃತದ ಪ್ರಶ್ನೆ. ಬೆಲ್ಲದ, ಉಪ್ಪಿನ, ಬೇವಿನಮರದ, ಅಗಸಿಮುಂದಿನ, ಗೌಡರ, ಬಡಿಗೇರ, ಗಾಣಿಗೇರ, ಅಂಬಿಗೇರ, ಬಸಪ್ಪನವರ, ಕರಿಯಪ್ಪನವರ: ಇವೆಲ್ಲವೂ ಷಷ್ಠ್ಯಂತಗಳು. ಬಡಿಗರಿಗೆ ಈ ಭಾಗದ ಆಡುಮಾತಿನ ಬಹುವಚನ ‘ಬಡಿಗೇರು’. ಅದರ ಷಷ್ಠಿ ‘ಬಡಿಗೇರ’. ಕೆರೂರು ಬಿಟ್ಟು ಬಂದವರು ‘ಕೆರೂರ’, ಇಳಕಲ್ಲು ಬಿಟ್ಟು ಬಂದವರು ‘ಇಳಕಲ್ಲ’. (ಬಾದಾಮಿಯಲ್ಲಿ ಇರುವವನಿಗೆ ಬಾದಾಮಿಯೆಂಬ ಅಡ್ಡಹೆಸರು ಬರುವದಿಲ್ಲ, ಅದು ಬರುವದು ಅವನು ಹುನಗುಂದಕ್ಕೆ ಹೋಗಿ ನೆಲಸಿದ ಮೇಲೆ.) ಷಷ್ಠಿಯು ಇನ್ನೊಂದು ಶಬ್ದವನ್ನು ಅಪೇಕ್ಷಿಸುತ್ತದೆ. ಆ ಶಬ್ದವು ಮನೆ, ಮನೆತನ ಅಥವಾ ಆ ವ್ಯಕ್ತಿಯ ಹೆಸರು. ಅದಕ್ಕಾಗಿಯೇ ಆಡುಮಾತಿನಲ್ಲಿ ಅಡ್ಡಹೆಸರು ಮುಂದೆ ಬರುತ್ತದೆ. ಸಂತೆಯಲ್ಲಿ ಹೆಸರು ಕೇಳಿದರೆ “ನಾ ಬಡಿಗೇರ ಈರವ್ವ ರೀ” ಎಂದು ಉತ್ತರ ಬರುವದೇ ಹೊರತು “ಈರವ್ವ ಬಡಿಗೇರ” ಎಂದಲ್ಲ. ಕಿತ್ತೂರ ಚೆನ್ನಮ್ಮನ ಹೆಸರಿನಲ್ಲಿಯೂ ‘ಕಿತ್ತೂರ’ ಎಂಬುದು ಷಷ್ಠಿಯೇ.

ಕನ್ನಡದ ಷಷ್ಠಿಯು ಮುಂದಿನ ಶಬ್ದದ ಲಿಂಗವನ್ನು ಗಣಿಸುವದಿಲ್ಲ. ಬಡಿಗೇರ ಮಗ, ಬಡಿಗೇರ ಮಗಳು, ಬಡಿಗೇರ ಮನೆ, ಬಡಿಗೇರ ಎತ್ತು: ಎಲ್ಲಿಯೂ ವಿಕಾರವಿಲ್ಲ. ಚೆಕ್ ಭಾಷೆಯ ‘ಒವ್’ ಎಂಬುದು ವಿಶೇಷಣಪ್ರತ್ಯಯ. ವಿಶೇಷಣವು ವಿಶೇಷ್ಯದ ಲಿಂಗವನ್ನು ಅನುಸರಿಸಲೇಬೇಕು. ಸಂಬಂಧವನ್ನು ಎರಡು ಭಾಷೆಗಳೂ ಹೇಳುತ್ತವೆ. ಒಂದು ವಿಶೇಷಣದಿಂದ, ಇನ್ನೊಂದು ವಿಭಕ್ತಿಯಿಂದ. ಸ್ತ್ರೀನಾಮದ ಭೇದವೆಲ್ಲ ಇಲ್ಲಿಂದಲೇ ಹುಟ್ಟಿದೆ.

ಇದಕ್ಕೊಂದು ಆಕ್ಷೇಪ ಬರಬಹುದು. ಕುಂಬಾರ, ಕಂಬಾರ, ಹೂಗಾರ, ಪತ್ತಾರ ಮೊದಲಾದವು ನೋಡುವದಕ್ಕೆ ಷಷ್ಠ್ಯಂತಗಳಲ್ಲ, ಬರಿಯ ಪ್ರಕೃತಿಗಳು. ಅವು ಏಕೆ ಸ್ತ್ರೀಲಿಂಗವನ್ನು ತಾಳಲಿಲ್ಲ? ‘ಕುಂಬಾರರ’ ಎಂಬಲ್ಲಿ ಎರಡು ರಕಾರಗಳು ಒತ್ತಟ್ಟಿಗೆ ಬಂದು ಒಂದು ಸವೆದುಹೋಗುವದು ಸಹಜವೇ. ಆದರೆ ಆ ವಾದವನ್ನು ಬಿಟ್ಟರೂ ಜನರ ಮಾತೇ ಪ್ರಮಾಣವಾಗಿದೆ. ಗಡಿಗೆ ಮಾರುವವಳನ್ನು ಜನರು ಕುಂಬಾರ್ತಿಯೆನ್ನುವರು, ಹೂ ಕಟ್ಟುವವಳನ್ನು ಹೂಗಾರ್ತಿಯೆನ್ನುವರು, ಬಟ್ಟೆ ಒಗೆಯುವವಳನ್ನು ಅಗಸಗಿತ್ತಿಯೆನ್ನುವರು. ಶಾಲೆಯಲ್ಲಿ ಪಾಠ ಹೇಳುವ ‘ಕುಂಬಾರ ಗಂಗವ್ವ’ನನ್ನು ಯಾರೂ ಕುಂಬಾರ್ತಿ ಗಂಗವ್ವ ಎನ್ನುವದಿಲ್ಲ. ಗೌಡಿಕೆಯ ಹೆಸರಿನಲ್ಲಿ ಈ ವಿವೇಕವು ಇನ್ನೂ ಸ್ಪಷ್ಟ. ಊರಗೌಡನ ಹೆಂಡತಿ ಗೌಡಸಾನಿ. ಇದು ಅಪ್ಪಟ ಪುಂಯೋಗ. ಆದರೆ ಆ ಮನೆಯ ಮಗಳು, ಸೊಸೆ, ವಿಧವೆಯಾಗಿ ತವರಿಗೆ ಬಂದ ಅತ್ತೆ ಎಲ್ಲರೂ ‘ಗೌಡರ’ವರು. ಗೌಡಸಾನಿ ಒಬ್ಬಳೇ, ‘ಗೌಡರ’ ಎಂಬ ಹೆಸರಿಗೆ ಮನೆಯವರೆಲ್ಲರೂ ಹಕ್ಕುದಾರರು.

ಸ್ತ್ರೀತ್ವವನ್ನು ನಮ್ಮ ಹೆಸರು ಎಲ್ಲಿಯೂ ತೋರಿಸುವದಿಲ್ಲವೆಂದಲ್ಲ. ಅದು ಅಂಕಿತನಾಮದ ಕೊನೆಯಲ್ಲಿದೆ: ಬಸಪ್ಪ–ಬಸವ್ವ, ನಿಂಗಪ್ಪ–ನಿಂಗವ್ವ. ಅಲ್ಲಿಯೂ ಕೆಲಸ ಮಾಡುವದು ಪ್ರತ್ಯಯವಲ್ಲ, ಅಪ್ಪ ಅವ್ವ ಎಂಬ ಬಂಧುವಾಚಕಗಳೇ. ತೊಟ್ಟಿಲಲ್ಲಿರುವ ಕೂಸಿಗೂ ಅವ್ವನೆನ್ನುವ ಭಾಷೆಯು ಅಡ್ಡಹೆಸರಿನಲ್ಲಿ ಮತ್ತೊಮ್ಮೆ ಲಿಂಗವನ್ನು ಹೇಳಬೇಕಾದ ಕಾರಣವೇನು?

ನಮ್ಮ ಈ ನಿರ್ಣಯಕ್ಕೆ ಅತ್ಯಂತ ಬಲವಾದ ಆಧಾರವು ಚೆಕ್ ಭಾಷೆಯಲ್ಲಿಯೇ ದೊರೆಯುತ್ತದೆ. ಆ ದೇಶದ ಪ್ರಸಿದ್ಧ ಸಂಗೀತರಚನಕಾರನಾದ ಬೊಹುಸ್ಲಾವ್ ಮಾರ್ತಿನೂ (೧೮೯೦–೧೯೫೯) ಎಂಬವನ ಅಡ್ಡಹೆಸರನ್ನು ನೋಡಬೇಕು. ‘ಮಾರ್ತಿನೂ’ ಎಂಬುದು ಮಾರ್ತಿನ್ ಶಬ್ದದ ಷಷ್ಠೀಬಹುವಚನ: ‘ಮಾರ್ತಿನರ’, ನಮ್ಮ ಮಾತಿನಲ್ಲಿ ‘ಮಾರ್ತಿನನವರ’. ಯಾನೂ, ಪೆತ್ರೂ ಎಂಬ ಅಡ್ಡಹೆಸರುಗಳೂ ಹೀಗೆಯೇ. ಈ ಹೆಸರುಗಳಿಗೆ ‘ಒವಾ’ ಹತ್ತುವದಿಲ್ಲ! ಗಂಡನು ಮಾರ್ತಿನೂ ಆದರೆ ಹೆಂಡತಿಯೂ ಮಗಳೂ ಮಾರ್ತಿನೂ. ಸ್ತ್ರೀಪ್ರತ್ಯಯವಿಲ್ಲದೆ ಹೆಂಗಸಿನ ಹೆಸರೇ ಇಲ್ಲವೆಂಬಂತೆ ನಡೆದುಬಂದ ಭಾಷೆಯಲ್ಲಿಯೂ, ಅಡ್ಡಹೆಸರು ಷಷ್ಠೀಬಹುವಚನದಲ್ಲಿದ್ದರೆ ಅದು ಬಡಿಗೇರ, ಬಸಪ್ಪನವರಗಳಂತೆ ಅವಿಕಾರಿಯಾಗಿ ನಿಲ್ಲುತ್ತದೆ. ಇದಕ್ಕೆ ಪ್ರತಿಯಾಗಿ ವಿಶೇಷಣರೂಪದ ಅಡ್ಡಹೆಸರುಗಳು ತಪ್ಪದೆ ಲಿಂಗವನ್ನು ಬದಲಿಸುತ್ತವೆ: ಕರಿಯನೆಂಬ ಅರ್ಥದ ಚೆರ್ನೀ ಎಂಬವನ ಹೆಂಡತಿ ಚೆರ್ನಾ. ಈ ಶಬ್ದವು ನಮ್ಮ ‘ಕೃಷ್ಣ’ ಶಬ್ದದ ದಾಯಾದಿಯೇ, ಕೃಷ್ಣ–ಕೃಷ್ಣಾ, ಚೆರ್ನೀ–ಚೆರ್ನಾ. ೨೦೨೨ನೆಯ ಇಸವಿಯಿಂದ ಚೆಕ್ ದೇಶದ ಕಾನೂನು ಹೆಂಗಸರಿಗೆ ಈ ಸ್ತ್ರೀರೂಪವನ್ನು ಬಿಟ್ಟು ಪುರುಷರೂಪವನ್ನೇ ಇಟ್ಟುಕೊಳ್ಳುವ ಅವಕಾಶವನ್ನು ಕೊಟ್ಟಿದೆ. ಆದರೂ ಲೇಖಿಕೆಯನ್ನು ಕುರಿತು ಬರೆಯುವ ನಮ್ಮವರು ನ್ಯೆಮ್ತ್ಸೊವಾ ಎಂದೇ ಬರೆಯತಕ್ಕದ್ದು. ‘ನೆಮ್ಕೋವ’ ಎಂಬ ಬರಹವು ಇಂಗ್ಲಿಷ್ ಅಕ್ಷರಗಳನ್ನು ಕಣ್ಣಿನಿಂದ ಓದಿದ್ದರ ಫಲ.

ಹೆಸರಿನ ಕೊನೆಯ ಈಕಾರವನ್ನು ಕಂಡ ಕೂಡಲೆ ಸ್ತ್ರೀಪ್ರತ್ಯಯವೆಂದು ಹಾರುವದೂ ಅಪಾಯವೇ. ಬೀಳಗಿಯವರಾದ ಗಾಯಕಿ ಅಮೀರಬಾಯಿ ಕರ್ನಾಟಕಿ (ನಿಧನ ೧೯೬೫) ಇವರ ಅಡ್ಡಹೆಸರನ್ನು ನಮ್ಮಂತಹ ಸಂಸ್ಕೃತಪಾಠಶಾಲೆಯವನು ನೋಡಿದರೆ ‘ಕರ್ನಾಟಕದ ಸ್ತ್ರೀ’ ಎಂದು ವಿಗ್ರಹ ಮಾಡಿಯಾನು. ಅಲ್ಲಿರುವದು ಹಿಂದುಸ್ತಾನಿಯ ಸಂಬಂಧಾರ್ಥಕವಾದ ಈಕಾರ. ಬನಾರಸದಿಂದ ಬನಾರಸಿ ಆದಂತೆ. ಗಂಡಸಿಗೂ ಅದು ಸಲ್ಲುವದು. ಗಂಗೂಬಾಯಿ ಹಾನಗಲ್ಲ (೧೯೧೩–೨೦೦೯) ಇವರ ಹೆಸರು ಇನ್ನೊಂದು ರೀತಿಯಿಂದ ವಿಚಾರಾರ್ಹ. ತಂದೆಯವರು ನಾಡಿಗೇರ, ಪತಿಯವರು ಕೌಲಗಿ. ಅವರ ಹೆಸರಿನಲ್ಲಿ ನಿಂತದ್ದು ಇವೆರಡೂ ಅಲ್ಲ, 'ಹಾನಗಲ್ಲ' ಎಂಬ ಊರಿನ ಹೆಸರು. ಷಷ್ಠಿಗೆ ಬೇಕಾದದ್ದು ಸಂಬಂಧ ಮಾತ್ರ. ಅದು ಊರಿನದೋ ತಂದೆಯದೋ ಗಂಡನದೋ ಎಂಬ ವಿಚಾರಣೆ ಅದರ ಕೆಲಸವಲ್ಲ. ‘ಅಪ್ಪನವರ’ ಎಂಬಂತೆ ‘ಅವ್ವನವರ’ ಎಂದು ಕೂಡಿಸುವದಕ್ಕೂ ವ್ಯಾಕರಣದ ಅಡ್ಡಿಯೇನೂ ಇಲ್ಲ.

ಗಂಡನ ಸಂಬಂಧವನ್ನೇ ಹೇಳಬೇಕಾದಲ್ಲಿ ನಮ್ಮ ದಪ್ತರದ ಭಾಷೆಯು ಬೇರೊಂದು ಶಬ್ದವನ್ನು ತಂದುಕೊಂಡಿತು. ‘ಬಸವ್ವ ಕೋಂ ಈರಪ್ಪ ಬೆಲ್ಲದ’ ಎಂಬ ಖಾತೆಯ ಬರಹದಲ್ಲಿ ‘ಕೋಂ’ ಎಂಬುದು ಹೆಂಡತಿಯೆಂಬ ಅರ್ಥವನ್ನು ಕೊಡುತ್ತದೆ. ಗಂಡಸಿಗೆ ಅರಬೀ ಮೂಲದ ‘ಬಿನ್’. ಚೆಕ್ ಭಾಷೆಯ ‘ಒವಾ’ ಮಾಡುವ ಕೆಲಸವನ್ನು ನಮ್ಮ ದಪ್ತರದಲ್ಲಿ ಒಂದು ಪರಕೀಯ ಅವ್ಯಯವು ಹೆಸರಿನ ಹೊರಗೆ ನಿಂತು ಮಾಡಿತು. ಹೆಸರಿನ ಒಳಗೆ ಅದಕ್ಕೆ ಎಡೆ ದೊರೆಯಲಿಲ್ಲ. ಆದರೆ ಈ ಭಾಗವು ಮುಂಬಯಿ ಇಲಾಖೆಯಲ್ಲಿದ್ದಾಗ ರೂಢಿಯಾದ ಬರವಣಿಗೆಯು ಅಡ್ಡಹೆಸರನ್ನು ಕೊನೆಗೆ ತಳ್ಳಿತು. ‘ಬೆಲ್ಲದ ಬಸವ್ವ’ ಎಂಬವಳು ‘ಬಸವ್ವ ಬೆಲ್ಲದ’ ಆದಳು. ಮುಂದೆ ಶಬ್ದವಿಲ್ಲದೆ ಷಷ್ಠಿಯು ಗಾಳಿಯಲ್ಲಿ ತೂಗಾಡತೊಡಗಿದ್ದು ಆಗಿನಿಂದ. ಅದರ ಅರ್ಥವು ಮರೆತುಹೋಗುವದಕ್ಕೆ ಇದೇ ಮೊದಲ ಕಾರಣ.

ಎರಡನೆಯ ಕಾರಣವು ಇತ್ತೀಚಿನದು ಮತ್ತು ಹೆಚ್ಚು ಹಾನಿಕರವಾದದ್ದು. ಅಚ್ಚಿನ ಮನೆಗಳಲ್ಲಿಯೂ ಶಾಲೆಯ ಪಟ್ಟಿಗಳಲ್ಲಿಯೂ ‘ಬೆಲ್ಲದ್’, ‘ಬಡಿಗೇರ್’, ‘ಗೌಡರ್’, ‘ಇಳಕಲ್’ ಎಂದು ಕೊನೆಯ ಅಕ್ಷರವನ್ನು ಅರ್ಧಕ್ಕೆ ನಿಲ್ಲಿಸುವ ಚಾಳಿ ಬಂದಿದೆ. ಇಂಗ್ಲಿಷ್ ಬರಹದಲ್ಲಿ ಕೊನೆಯ ಅಕಾರವನ್ನು ಬಿಟ್ಟು ಬರೆದದ್ದನ್ನು ತಿರುಗಿ ಕನ್ನಡಕ್ಕೆ ಇಳಿಸಿಕೊಂಡದ್ದೇ ಇದಕ್ಕೆ ಮೂಲ. ಕನ್ನಡದಲ್ಲಿ ಷಷ್ಠಿಯ ಪ್ರತ್ಯಯವು ಅಕಾರವೆಂದು ಕೇಶಿರಾಜನನ್ನು ಓದಿದ ಹುಡುಗರೂ ಬಲ್ಲರು. ‘ಬೆಲ್ಲದ’ ಎಂಬಲ್ಲಿ ಬೆಲ್ಲ ಎಂಬುದು ಪ್ರಕೃತಿ, ದಕಾರವು ಆಗಮ, ಅಕಾರವು ಪ್ರತ್ಯಯ. ‘ಬೆಲ್ಲದ್’ ಎಂದು ಬರೆದರೆ ಪ್ರತ್ಯಯವು ಹೋಗಿ ಆಗಮವು ಉಳಿಯಿತು. ಆಗಮವು ಮಿತ್ರನಂತೆ ಬರುವದೆಂದು ವೈಯಾಕರಣರ ಮಾತು. ಇಲ್ಲಿ ಮಿತ್ರನೊಬ್ಬನೇ ಒಳಗೆ ಉಳಿದು ಮನೆಯ ಯಜಮಾನನು ಹೊರಗಾದನು. ‘ಪಾಟೀಲ್’ ಎಂಬಲ್ಲಿ ಇಷ್ಟು ದೋಷವಿಲ್ಲ. ಅದು ಮರಾಠಿಯ ಮೂಲಕ ಬಂದ ಅಧಿಕಾರಿಯ ಹೆಸರು, ಅದಕ್ಕೆ ವಿಭಕ್ತಿಯಿಲ್ಲ. ಆದರೆ ‘ಬಡಿಗೇರ್’ ಎಂದಾಗ, ಇಡಿಯ ಮನೆತನದ ಗಂಡಸರನ್ನೂ ಹೆಂಗಸರನ್ನೂ ಒಂದೇ ಸಮನಾಗಿ ಮನೆಗೆ ಕಟ್ಟಿದ ಆ ಒಂದು ಸ್ವರವನ್ನೇ ಕಳೆದ ಹಾಗಾಗುತ್ತದೆ.

ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಒಂದು ಭಾಗವು ಮುಳುಗಿ ಜನರು ನವನಗರಕ್ಕೆ ಬಂದರು. ಊರ ಅಗಸಿಯ ಮುಂದೆ ಮನೆಯಿದ್ದವರಿಗೆ ಒಂದು ಕಾಲಕ್ಕೆ ಬಂದ ‘ಅಗಸಿಮುಂದಿನ’ ಎಂಬಂತಹ ಹೆಸರಿಗೆ ಅಗಸಿಯೂ ಬೇಡ, ಮನೆಯೂ ಬೇಡ, ಷಷ್ಠಿಯೊಂದೇ ಸಾಕು. ಅದನ್ನು ಶಾಲೆಯ ಪಟ್ಟಿಯಲ್ಲಿ ‘ಅಗಸಿಮುಂದಿನ್’ ಎಂದು ಬರೆಯಕೂಡದೆಂದು ಉಪಾಧ್ಯಾಯರಲ್ಲಿ ನನ್ನ ವಿನಂತಿ. ಇಲ್ಲಿ ಒಂದು ಸಮಾಧಾನದ ಸಂಗತಿಯೂ ಇದೆ. ಗ್ರಂಥಾಲಯಗಳ ಸೂಚಿಯಲ್ಲಿ ಲೇಖಕರ ಅಡ್ಡಹೆಸರನ್ನು ಮೊದಲಿಟ್ಟು, ಅಲ್ಪವಿರಾಮ ಹಾಕಿ, ಅಂಕಿತನಾಮವನ್ನು ಆಮೇಲೆ ಬರೆಯುವ ಪದ್ಧತಿಯುಂಟು. ಪಶ್ಚಿಮದಿಂದ ಬಂದ ಈ ಕ್ರಮದಲ್ಲಿ, ಅಲ್ಪವಿರಾಮವೊಂದನ್ನು ಅಳಿಸಿದರೆ, ‘ಬೆಲ್ಲದ ಬಸವ್ವ’ ಎಂಬ ಸಂತೆಯ ಮಾತೇ ಮರಳಿ ಬರುತ್ತದೆ.